ಮ್ಯೂಸಿಯಂ ಆಫ್ ಫ್ಲೈಟ್‌ನ ಕೆಂಪು ಏರೋಕಾರ್: ಬಸ್ ಮೆಕ್ಯಾನಿಕ್ ಅಪ್ಪನ ಜೊತೆ ನೋಡಿದ್ದು

ಅಪ್ಪ ಹಾಸನಕ್ಕೆ ವಾಪಸ್ ಹೊರಡುವುದಕ್ಕೆ ಇನ್ನು ಎಂಟು ದಿನ ಇತ್ತು. ಆ ಭಾನುವಾರ ಅವರನ್ನು ಅಮೆರಿಕದ ಸಿಯಾಟಲ್‌ನಲ್ಲಿರುವ ವಿಮಾನಗಳ ಸಂಗ್ರಹಾಲಯ ಮ್ಯೂಸಿಯಂ ಆಫ್ ಫ್ಲೈಟ್‌ಗೆ ಕರೆದುಕೊಂಡು ಹೋದೆ. ಶಬ್ದಕ್ಕಿಂತ ವೇಗವಾಗಿ ಹಾರುತ್ತಿದ್ದ ಕಾಂಕಾರ್ಡ್ ವಿಮಾನದ ಒಳಗೆ ಹತ್ತಿಸಬೇಕು, ಮೊಟ್ಟಮೊದಲ ಬೋಯಿಂಗ್ 747 ತೋರಿಸಬೇಕು ಅಂತ ಅಂದುಕೊಂಡಿದ್ದೆ. ಎರಡನ್ನೂ ನೋಡಿದೆವು. ಆದರೆ ಅಲ್ಲಿದ್ದ ಐದು ಗಂಟೆಯಲ್ಲಿ ಒಂದೂವರೆ ಗಂಟೆ ಹೋಗಿದ್ದು ಒಂದು ಪುಟ್ಟ ಕೆಂಪು ಕಾರಿನ ಹತ್ತಿರ. ರೆಕ್ಕೆ ಇರುವ ಕಾರು. ಹೆಸರು ಏರೋಕಾರ್ 3.

ಮ್ಯೂಸಿಯಂಗೆ ಹೋಗುವವರಿಗೆ ಬೇಕಾದ ವಿವರ ಆಮೇಲೆ ಹೇಳುತ್ತೇನೆ. ಮೊದಲು ಈ ಕಾರಿನ ವಿಷಯ. ಹಾರುವ ಕಾರು ಇನ್ನೇನು ಬಂದೇಬಿಡ್ತು ಅನ್ನುವ ವಿಡಿಯೊ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ವಾರಕ್ಕೊಂದು ಬರುತ್ತದೆ. ಅಂಥದ್ದು ದಿನಬಳಕೆಗೆ ಆಗುತ್ತಾ ಅಂತ ತಿಳಿಯಬೇಕಾದರೆ ವಿಡಿಯೊ ಸಾಲದು. ನಿಜವಾಗಿ ಹಾರಿದ, ರಸ್ತೆಯಲ್ಲೂ ಓಡಿದ ಒಂದು ಗಾಡಿಯನ್ನು ಕಣ್ಣಾರೆ ನೋಡಬೇಕು. ಅದು ಇಲ್ಲಿದೆ.

ನನಗೆ ಇದರಲ್ಲಿ ಆಸೆ ಇರುವುದಕ್ಕೆ ಕಾರಣವೂ ಇದೆ. ನಾನಿರುವುದು ಸಿಯಾಟಲ್ ಪಕ್ಕದ ರೆಂಟನ್‌ನಲ್ಲಿ. ಕೆಲಸ ಬೆಲ್‌ವ್ಯೂನ ಒಂದು ಲ್ಯಾಬ್‌ನಲ್ಲಿ. ಮಧ್ಯೆ 405 ಹೆದ್ದಾರಿ. ಹನ್ನೊಂದು ಹನ್ನೆರಡು ಮೈಲಿ ಅಷ್ಟೇ. ಬೆಳಗ್ಗೆ ಏಳೂವರೆಗೆ ಹೊರಟರೆ ಮುಕ್ಕಾಲು ಗಂಟೆ, ಮಳೆ ಬಂದರೆ ಒಂದು ಗಂಟೆ. ಎಡಗಡೆ ಲೇಕ್ ವಾಷಿಂಗ್ಟನ್ ಮೇಲೆ ಸಣ್ಣ ಸಣ್ಣ ವಿಮಾನಗಳು ಹಾಯಾಗಿ ಹೋಗುತ್ತಿರುತ್ತವೆ. ನಾನು ಬ್ರೇಕ್ ಮೇಲೆ ಕಾಲಿಟ್ಟುಕೊಂಡು ಅವನ್ನು ನೋಡುತ್ತಾ ಕೂತಿರುತ್ತೇನೆ. ಈ ಕಾರಿಗೂ ಒಂದು ಜೊತೆ ರೆಕ್ಕೆ ಇದ್ದಿದ್ದರೆ ಅಂತ ಆರು ವರ್ಷದಿಂದ ಅನ್ನಿಸುತ್ತಿದೆ.

ಇನ್ನು ಅಪ್ಪ. ಕೆಎಸ್‌ಆರ್‌ಟಿಸಿ ಹಾಸನ ಡಿಪೋದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿದ್ದವರು. ರಿಟೈರ್ ಆಗಿ ಒಂಬತ್ತು ವರ್ಷ ಆಯಿತು. ಯಾವ ಗಾಡಿ ಕಂಡರೂ ಬಣ್ಣ ನೋಡುವ ಮೊದಲು ಕೆಳಗೆ ಬಗ್ಗಿ ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ. ನಾನು ರೆಕ್ಕೆ ನೋಡುತ್ತಾ ಮುಂದೆ ನಿಂತಿದ್ದೆ. ಅವರು ಆಗಲೇ ಹಿಂದಕ್ಕೆ ಹೋಗಿ ಬಾಲ ನೋಡುತ್ತಿದ್ದರು. ಆ ಕಾರಿನ ನಿಜವಾದ ವಿಷಯ ಇರುವುದು ಬಾಲದಲ್ಲೇ ಅಂತ ನನಗೆ ಗೊತ್ತಾಗಿದ್ದು ಆಮೇಲೆ.

ಏರೋಕಾರ್ ಮಾಡಿದವರು ಮೋಲ್ಟನ್ ಟೇಲರ್, ಕರೆಯುತ್ತಿದ್ದುದು ಮೋಲ್ಟ್ ಅಂತ. ಊರು ಲಾಂಗ್‌ವ್ಯೂ, ಇದೇ ವಾಷಿಂಗ್ಟನ್ ರಾಜ್ಯದ್ದು, ಸಿಯಾಟಲ್‌ನಿಂದ ದಕ್ಷಿಣಕ್ಕೆ ಎರಡು ಗಂಟೆ ದಾರಿ. 1946ರಲ್ಲಿ ಅವರು ರಾಬರ್ಟ್ ಫುಲ್ಟನ್ ಅನ್ನುವವರನ್ನು ಭೇಟಿ ಆದರು. ಫುಲ್ಟನ್ ಏರ್‌ಫಿಬಿಯನ್ ಅನ್ನುವ ಹಾರುವ ಕಾರು ಮಾಡುತ್ತಿದ್ದರು. ಅದರಲ್ಲಿ ವಿಮಾನ ಇಳಿದ ಮೇಲೆ ರೆಕ್ಕೆ, ಬಾಲ ಎಲ್ಲ ಬಿಚ್ಚಿ ಅಲ್ಲೇ ನಿಲ್ದಾಣದಲ್ಲಿ ಬಿಟ್ಟು, ಬರೀ ಕಾರನ್ನು ಓಡಿಸಿಕೊಂಡು ಹೋಗಬೇಕು. ಟೇಲರ್‌ಗೆ ಅದು ಸರಿ ಕಾಣಲಿಲ್ಲ. ರೆಕ್ಕೆ ಒಂದೂರಲ್ಲಿ, ಕಾರು ಇನ್ನೊಂದೂರಲ್ಲಿ ಇದ್ದರೆ ಏನು ಪ್ರಯೋಜನ ಅಲ್ವಾ? ರೆಕ್ಕೆ, ಬಾಲ ಎರಡನ್ನೂ ಮಡಚಿ ಟ್ರೇಲರ್ ಮಾಡಿ, ಕಾರೇ ಅದನ್ನು ಎಳೆದುಕೊಂಡು ಹೋಗುವ ಹಾಗೆ ಮಾಡಿದರು. 1949ರಲ್ಲಿ ಮೊದಲನೆಯದು ತಯಾರಾಯಿತು. 1956ರ ಡಿಸೆಂಬರ್‌ನಲ್ಲಿ ಅಮೆರಿಕದ ವಿಮಾನಯಾನ ಇಲಾಖೆ ಪೂರ್ತಿ ಪ್ರಮಾಣಪತ್ರ ಕೊಟ್ಟಿತು. ಅಂದರೆ ಇದು ಮಾರುವುದಕ್ಕೆ ಒಪ್ಪಿಗೆ ಪಡೆದ ಗಾಡಿ.

ಲೆಕ್ಕಗಳನ್ನು ಒಮ್ಮೆ ನೋಡಿ. ಮೊದಲ ಮಾದರಿಯಲ್ಲಿ ಲೈಕಮಿಂಗ್ ಕಂಪನಿಯ ವಿಮಾನದ ಎಂಜಿನ್, 143 ಅಶ್ವಶಕ್ತಿ. ಇಬ್ಬರು ಕೂರಬಹುದು. ರಸ್ತೆಯಲ್ಲಿ ಗಂಟೆಗೆ 60 ಮೈಲಿ, ಗಾಳಿಯಲ್ಲಿ ಸುಮಾರು 100 ಮೈಲಿ. ಒಂದು ಸಲ ಟ್ಯಾಂಕ್ ತುಂಬಿಸಿದರೆ 300 ಮೈಲಿ. ಖಾಲಿ ತೂಕ 1,500 ಪೌಂಡ್, ಅಂದರೆ 680 ಕಿಲೋ. ನಮ್ಮೂರ ಹಳೇ ಮಾರುತಿ 800ಕ್ಕೂ ಇದಕ್ಕೂ ತೂಕದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ. ರೆಕ್ಕೆ ಈ ತುದಿಯಿಂದ ಆ ತುದಿಗೆ 34 ಅಡಿ. ಇಲ್ಲಿನ ಹೆದ್ದಾರಿಯ ಒಂದು ಲೇನ್ 12 ಅಡಿ. ರೆಕ್ಕೆ ಚಾಚಿ ನಿಂತರೆ ಹತ್ತಿರ ಹತ್ತಿರ ಮೂರು ಲೇನ್ ಬೇಕು. ಟ್ರಾಫಿಕ್ ಜಾಮ್ ಮಧ್ಯದಿಂದ ಹಾಗೇ ಎದ್ದು ಹಾರಿ ಹೋಗುವ ನನ್ನ ಕನಸು ಈ ಒಂದು ಅಳತೆಗೇ ಮುಗಿಯಿತು.

ಕಾರನ್ನು ವಿಮಾನ ಮಾಡುವ ಕೆಲಸ ಒಬ್ಬರೇ ಐದು ನಿಮಿಷದಲ್ಲಿ ಮಾಡಬಹುದಿತ್ತಂತೆ. ಬಾಲವನ್ನು ಕಾರಿನ ಹಿಂಭಾಗಕ್ಕೆ ಸೇರಿಸಬೇಕು, ಹಿಂದಿನ ನಂಬರ್ ಪ್ಲೇಟ್ ಮೇಲಕ್ಕೆತ್ತಿ ಶಾಫ್ಟ್ ಕೂಡಿಸಬೇಕು, ರೆಕ್ಕೆ ಚಾಚಿ ಲಾಕ್ ಮಾಡಬೇಕು. ಬಾಲದ ತುದಿಯಲ್ಲಿ ಪ್ರೊಪೆಲ್ಲರ್. ಸಾಮಾನ್ಯ ವಿಮಾನದ ಹಾಗೆ ಅದು ಮುಂದಿನಿಂದ ಎಳೆಯುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಎಂಜಿನ್ ಕಾರಿನಲ್ಲಿ, ಪ್ರೊಪೆಲ್ಲರ್ ಬಾಲದ ತುದಿಯಲ್ಲಿ. ಮಧ್ಯೆ ಸುಮಾರು ಹತ್ತು ಅಡಿ ಉದ್ದದ ಶಾಫ್ಟ್.

ಅಪ್ಪ ನಿಂತಿದ್ದು ಇಲ್ಲೇ.

"ಪ್ರೊಪೆಲ್ಲರ್ ಶಾಫ್ಟು ಇಷ್ಟುದ್ದ ಇದ್ಯಲ್ಲ. ಅದುರಲ್ವಂತಾ? ಕೇಳಮ್ಮ ಅವರನ್ನ" ಅಂದರು.

ಬಸ್ಸಿನಲ್ಲಿ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಉದ್ದನೆಯ ಕಂಬಿಗೆ ನಮ್ಮ ಮೆಕ್ಯಾನಿಕ್‌ಗಳು ಹೇಳುವುದೇ ಪ್ರೊಪೆಲ್ಲರ್ ಶಾಫ್ಟ್ ಅಂತ. ಅದು ಉದ್ದ ಇದ್ದರೆ ಮಧ್ಯೆ ಒಂದು ಸೆಂಟರ್ ಬೇರಿಂಗ್ ಕೊಡುತ್ತಾರೆ. ಆ ಬೇರಿಂಗ್ ಸವೆದರೆ ಒಂದು ಸ್ಪೀಡಿಗೆ ಬಂದಾಗ ಬಸ್ಸೆಲ್ಲ ನಡುಗುತ್ತದೆ. ಅದಕ್ಕಿಂತ ಕಮ್ಮಿ ಸ್ಪೀಡಲ್ಲಿ ಏನೂ ಇಲ್ಲ, ಜಾಸ್ತಿ ಸ್ಪೀಡಲ್ಲೂ ಏನೂ ಇಲ್ಲ. ಆ ಒಂದು ಸ್ಪೀಡಲ್ಲಿ ಮಾತ್ರ ನಡುಕ. ನಾನು ಚಿಕ್ಕವಳಿದ್ದಾಗ ಸಕಲೇಶಪುರದ ಬಸ್ಸಲ್ಲಿ ಕೂತು ಅಪ್ಪ ಕಣ್ಣು ಮುಚ್ಚಿಕೊಂಡು "ಸೆಂಟರ್ ಬೇರಿಂಗ್ ಹೋಗಿದೆ" ಅಂತ ಹೇಳುತ್ತಿದ್ದುದು ನೆನಪಿದೆ.

ಅಲ್ಲಿ ಸ್ವಯಂಸೇವಕರಾಗಿದ್ದ ಒಬ್ಬ ಹಿರಿಯರಿದ್ದರು. ವಿಮಾನ ಕಾರ್ಖಾನೆಯಲ್ಲಿ ದುಡಿದು ರಿಟೈರ್ ಆದವರು. ನಾನು ಅಪ್ಪನ ಪ್ರಶ್ನೆಯನ್ನು ಇಂಗ್ಲಿಷ್‌ನಲ್ಲಿ ಕೇಳಿದ್ದೇ ತಡ, ಅವರ ಮುಖ ಅರಳಿತು. ಟೇಲರ್‌ಗೆ ಎಲ್ಲಕ್ಕಿಂತ ಕಷ್ಟ ಕೊಟ್ಟಿದ್ದು ಅದೇ ಶಾಫ್ಟ್ ಅಂದರು. ಎಂಜಿನ್‌ನ ಒಂದೊಂದು ಸಿಲಿಂಡರ್ ಉರಿದಾಗಲೂ ಶಾಫ್ಟ್‌ಗೆ ಒಂದೊಂದು ಏಟು ಬೀಳುತ್ತದೆ. ಹತ್ತಡಿ ಉದ್ದದ ಶಾಫ್ಟ್ ಒದ್ದೆ ಬಟ್ಟೆ ಹಿಂಡಿದ ಹಾಗೆ ಸ್ವಲ್ಪ ತಿರುಚಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಏಟಿನ ತಾಳವೂ ತಿರುಚುವ ತಾಳವೂ ಒಂದಾದಾಗ ಶಾಫ್ಟ್ ಮುರಿದೇ ಹೋಗಬಹುದು. ನೆಲದ ಮೇಲಾದರೆ ಗಾಡಿ ನಿಲ್ಲುತ್ತದೆ. ಮೇಲೆ ಮುರಿದರೆ?

ಟೇಲರ್ ಕಂಡುಕೊಂಡ ಉಪಾಯ ಫ್ಲೆಕ್ಸಿಡೈನ್ ಅನ್ನುವ ಒಂದು ಕಪ್ಲಿಂಗ್, ಅಂದರೆ ಎಂಜಿನ್‌ಗೂ ಶಾಫ್ಟ್‌ಗೂ ಮಧ್ಯೆ ಕೂರುವ ಜೋಡಣೆ. ಒಂದು ಮುಚ್ಚಿದ ಡಬ್ಬಿ. ಅದರ ತುಂಬಾ ಸಣ್ಣ ಸಣ್ಣ ಉಕ್ಕಿನ ಗುಂಡು. ಡಬ್ಬಿ ತಿರುಗುವುದಕ್ಕೆ ಶುರುವಾದಾಗ ಗುಂಡುಗಳು ಸಡಿಲ ಇರುತ್ತವೆ, ಜಾರುತ್ತವೆ. ವೇಗ ಹೆಚ್ಚಿದ ಹಾಗೆ ಅಂಚಿಗೆ ಒತ್ತಿಕೊಂಡು ಗಟ್ಟಿಯಾಗಿ ಕೂರುತ್ತವೆ. ಆಗ ಎಂಜಿನ್‌ನ ಬಲ ಪೂರ್ತಿ ಶಾಫ್ಟ್‌ಗೆ ಹೋಗುತ್ತದೆ, ಏಟು ಮಾತ್ರ ಗುಂಡುಗಳ ನಡುವೆ ಸತ್ತುಹೋಗುತ್ತದೆ. ಇದನ್ನು ಕನ್ನಡದಲ್ಲಿ ಹೇಗೆ ಹೇಳಲಿ ಅಂತ ನಾನು ತಡವರಿಸುತ್ತಿದ್ದೆ. ಅಪ್ಪನಿಗೆ ಅರ್ಧಕ್ಕೇ ಅರ್ಥ ಆಯಿತು.

"ರಾಗಿ ಚೀಲ ಇದ್ದಂಗೆ ಕಣಮ್ಮ. ಸಡಿಲ ಇದ್ರೆ ರಾಗಿ ಜಾರುತ್ತೆ. ಕುಕ್ಕಿ ಕುಕ್ಕಿ ತುಂಬಿದ್ರೆ ಕಲ್ಲಿನಂಗೆ ಕೂರುತ್ತೆ. ಆದ್ರೂ ಗುದ್ದಿದ್ರೆ ಕೈಗೆ ಪೆಟ್ಟಾಗಲ್ಲ."

ನಾನು ಅದನ್ನು ಆ ಹಿರಿಯರಿಗೆ ಹೇಳಿದೆ. ರಾಗಿ ಅಂದರೇನು ಅಂತ ಮೊದಲು ಹೇಳಬೇಕಾಯಿತು. ಅವರು ಅಪ್ಪನ ಕೈ ಹಿಡಿದು ಕುಲುಕಿದರು. ಮುಂದಿನ ಅರ್ಧ ಗಂಟೆ ಅವರಿಬ್ಬರ ಮಾತೇ. ಅರ್ಧ ನನ್ನ ಮೂಲಕ, ಅರ್ಧ ಕೈಸನ್ನೆಯಲ್ಲಿ.

ಹಾಗಾದರೆ ಗಾಡಿ ಚೆನ್ನಾಗಿತ್ತು, ಒಪ್ಪಿಗೆಯೂ ಸಿಕ್ಕಿತ್ತು. ಮತ್ತೆ ಯಾಕೆ ರಸ್ತೆ ತುಂಬಾ ಏರೋಕಾರ್ ಇಲ್ಲ? ಒಟ್ಟು ತಯಾರಾಗಿದ್ದೇ ಆರು. ಲಿಂಗ್ ಟೆಮ್ಕೊ ಅನ್ನುವ ಕಂಪನಿ, 500 ಜನ ಆರ್ಡರ್ ಕೊಟ್ಟರೆ ಕಾರ್ಖಾನೆಯಲ್ಲಿ ಮಾಡುತ್ತೇವೆ ಅಂದಿತ್ತು. ಅದರ ಅರ್ಧದಷ್ಟು ಮಾತ್ರ ಸಿಕ್ಕಿತು. 1970ರ ಸುಮಾರಿಗೆ ಫೋರ್ಡ್ ಕಂಪನಿಯೂ ಆಸಕ್ತಿ ತೋರಿಸಿತು, ಮುಂದೆ ಹೋಗಲಿಲ್ಲ. ಇದ್ದ ಕೆಲವೇ ಗಾಡಿಗಳು ಮಾತ್ರ ಚೆನ್ನಾಗಿ ದುಡಿದವು. ಒಂದನ್ನು ನಟ ಬಾಬ್ ಕಮಿಂಗ್ಸ್ ತಮ್ಮ ಟಿವಿ ಕಾರ್ಯಕ್ರಮದಲ್ಲಿ ಬಳಸಿದರು. ಇನ್ನೊಂದನ್ನು ಪೋರ್ಟ್‌ಲ್ಯಾಂಡ್‌ನ ಒಂದು ರೇಡಿಯೊ ಸ್ಟೇಷನ್ ಎಲ್ಲೆಲ್ಲಿ ಟ್ರಾಫಿಕ್ ಜಾಮ್ ಆಗಿದೆ ಅಂತ ಮೇಲಿನಿಂದ ನೋಡಿ ಹೇಳುವುದಕ್ಕೆ ಇಟ್ಟುಕೊಂಡಿತ್ತು.

ಮನೆಗೆ ಬಂದು ನಾನೇ ಒಂದು ಲೆಕ್ಕ ಹಾಕಿದೆ. ನನ್ನ ಹತ್ತಿರ ಏರೋಕಾರ್ ಇದೆ ಅಂದುಕೊಳ್ಳೋಣ. ಮೊದಲು ಪೈಲಟ್ ಲೈಸೆನ್ಸ್ ಬೇಕು. ಅಮೆರಿಕದಲ್ಲಿ ಅದಕ್ಕೆ ಕಮ್ಮಿ ಅಂದರೂ 40 ಗಂಟೆ ಹಾರಾಟ ಕಲಿಯಬೇಕು. ಭಾರತದಲ್ಲೂ ಅಷ್ಟೇ. ಸರಿ, ಲೈಸೆನ್ಸ್ ಇದೆ. ಬೆಳಗ್ಗೆ ಎದ್ದು ರೆಂಟನ್ ವಿಮಾನ ನಿಲ್ದಾಣಕ್ಕೆ ಹೋಗುತ್ತೇನೆ. ಮನೆಯಿಂದ ಹತ್ತು ನಿಮಿಷ. ರೆಕ್ಕೆ ಜೋಡಿಸುತ್ತೇನೆ. ಆಮೇಲೆ ಹಾರುವ ಮುಂಚಿನ ತಪಾಸಣೆ. ಒಂದೊಂದು ಪಿನ್ನು, ಒಂದೊಂದು ಕೀಲು, ಇಂಧನದಲ್ಲಿ ನೀರು ಸೇರಿದೆಯಾ, ಎಲ್ಲ ನೋಡಬೇಕು. ಗಡಿಬಿಡಿ ಮಾಡದೆ ನೋಡಿದರೆ ಅರ್ಧ ಗಂಟೆ. ಇನ್ನು ಹಾರಿದರೆ ಬೆಲ್‌ವ್ಯೂ ಐದಾರು ನಿಮಿಷ. ಆದರೆ ಬೆಲ್‌ವ್ಯೂನಲ್ಲಿ ಇಳಿಯುವುದು ಎಲ್ಲಿ? ಅಲ್ಲೊಂದು ಪುಟ್ಟ ವಿಮಾನ ನಿಲ್ದಾಣ ಇತ್ತು. 1983ರಲ್ಲಿ ಮುಚ್ಚಿಹೋಯಿತು. ಕೆಲಸಕ್ಕೆ ಹೋಗಿಬರುವುದಕ್ಕೆ ಇದು ಆಗುವುದಿಲ್ಲ, ಬಿಡಿ.

ಟೇಲರ್ ಅವರ ಲಾಂಗ್‌ವ್ಯೂಗೇ ಹೋಗೋಣ ಅಂದರೆ ರಸ್ತೆಯಲ್ಲಿ ಸುಮಾರು 120 ಮೈಲಿ, ಎರಡು ಗಂಟೆ. ಹಾರಿದರೆ ಒಂದು ಗಂಟೆ, ಜೊತೆಗೆ ಈ ಕಡೆ ಆ ಕಡೆ ಜೋಡಿಸುವುದು, ಬಿಚ್ಚುವುದು, ತಪಾಸಣೆ. ಅದೂ ಎರಡು ಗಂಟೆ ಹತ್ತಿರ ಬರುತ್ತದೆ. ಬೆಟ್ಟ ದಾಟಿ ಸ್ಪೋಕೇನ್‌ಗೆ ಹೋಗುವುದಾದರೆ ಮಾತ್ರ ಹಾರುವುದರಲ್ಲಿ ಲಾಭ ಇದೆ. ಕಾರಿನಲ್ಲಿ ನಾಲ್ಕೂವರೆ ಗಂಟೆ ಆಗುವುದು ಮೂರೂಕಾಲು ಗಂಟೆಯಲ್ಲಿ ಮುಗಿಯಬಹುದು. ಅದೂ ಬೇಸಿಗೆಯಲ್ಲಿ. ಚಳಿಗಾಲದಲ್ಲಿ ಕ್ಯಾಸ್ಕೇಡ್ ಬೆಟ್ಟದ ಮೇಲಿನ ಮೋಡದೊಳಗೆ ಹೋದರೆ ರೆಕ್ಕೆ ಮೇಲೆ ಐಸ್ ಕಟ್ಟುತ್ತದೆ. ಸಣ್ಣ ವಿಮಾನಕ್ಕೆ ಅದು ಪ್ರಾಣಕ್ಕೇ ಅಪಾಯ.

ಟೇಲರ್ ಪರವಾಗಿ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ಆ ಹಿರಿಯರು ಹೇಳಿದಾಗ ನನಗೆ ಹೌದಲ್ಲ ಅನ್ನಿಸಿತು. ಏರೋಕಾರ್ ನನ್ನಂಥವರಿಗೆ ಅಂತ ಮಾಡಿದ್ದಲ್ಲ. ಆಗಲೇ ಸಣ್ಣ ವಿಮಾನ ಇಟ್ಟುಕೊಂಡವರಿಗೆ ಮಾಡಿದ್ದು. ಅಂಥವರ ಗೋಳು ಬೇರೆ. ಮೋಡ ಕವಿದರೆ ದಾರಿ ಮಧ್ಯೆ ಯಾವುದೋ ಊರಲ್ಲಿ ಇಳಿದು ಎರಡು ದಿನ ಕಾಯಬೇಕು. ಇಳಿದ ಮೇಲೆ ಊರೊಳಗೆ ಹೋಗುವುದಕ್ಕೆ ಗಾಡಿ ಇರುವುದಿಲ್ಲ. ವಿಮಾನ ಇಡುವ ಶೆಡ್ಡಿಗೆ ತಿಂಗಳ ಬಾಡಿಗೆ. ಏರೋಕಾರ್ ಇದ್ದರೆ ಇಳಿದು, ರೆಕ್ಕೆ ಮಡಚಿ, ಮಳೆಯಲ್ಲೇ ರಸ್ತೆ ಹಿಡಿದು ಮನೆಗೆ ಬರಬಹುದು. ಮನೆ ಗ್ಯಾರೇಜಿನಲ್ಲೇ ನಿಲ್ಲಿಸಬಹುದು. ಅಂಥವರಿಗೆ ಇದು ನಿಜವಾಗಿ ಉಪಯೋಗ ಆಗುವ ವಸ್ತು. ಅಂಥವರು ತುಂಬಾ ಜನ ಇರಲಿಲ್ಲ, ಅಷ್ಟೇ.

ಆದರೂ ಅಪ್ಪ ಒಪ್ಪಲಿಲ್ಲ. ಅವರ ಕಾರಣ ಇದ್ಯಾವುದೂ ಅಲ್ಲ.

ಅಪ್ಪ ಬರುವ ಒಂದು ತಿಂಗಳ ಮುಂಚೆ ನನ್ನ ಕಾರನ್ನು ಒಂದು ಅಂಗಡಿಯ ಪಾರ್ಕಿಂಗ್‌ನಲ್ಲಿ ನಿಲ್ಲಿಸಿದ್ದೆ. ಗಾಳಿಗೆ ಯಾರದೋ ಟ್ರಾಲಿ ಜಾರಿಬಂದು ಹಿಂದಿನ ಚಕ್ರದ ಮೇಲಿನ ತಗಡಿಗೆ ಬಡಿಯಿತು. ಹೆಬ್ಬೆರಳು ಕೂರುವಷ್ಟು ತಗ್ಗು. ಮಧ್ಯೆ ಬಣ್ಣ ಕಿತ್ತು ಒಂದು ಬಿಳಿ ಗೀರು. ಇನ್ಶೂರೆನ್ಸ್‌ಗೆ ಹೋದರೆ ಕೈಯಿಂದಲೇ ಜಾಸ್ತಿ ಬೀಳುತ್ತದೆ ಅಂತ ಹಾಗೇ ಬಿಟ್ಟಿದ್ದೆ. ಅಪ್ಪ ಬಂದ ದಿನವೇ, ಏರ್‌ಪೋರ್ಟ್‌ನಲ್ಲಿ ಸೂಟ್‌ಕೇಸ್ ಇಡುವ ಮೊದಲೇ, ಆ ತಗ್ಗಿನ ಮೇಲೆ ಕೈಯಾಡಿಸಿ "ಎಲ್ಲಿ ತಾಗಿಸಿಕೊಂಡೆ?" ಅಂತ ಕೇಳಿದ್ದರು.

ಮ್ಯೂಸಿಯಂನಲ್ಲಿ ಅವರು ಅದನ್ನೇ ಎತ್ತಿದರು.

"ನಿನ್ನ ಕಾರಿಗೆ ತಾಗಿತಲ್ಲ, ಹಂಗೇ ಇದಕ್ಕೂ ತಾಗುತ್ತೆ. ರಸ್ತೆ ಮೇಲೆ ಗಾಡಿ ಅಂದಮೇಲೆ ತಾಗಲೇಬೇಕು. ನಮ್ಮ ಡಿಪೋದಲ್ಲಿ ಗೀರಿಲ್ಲದ ಬಸ್ಸು ಒಂದೂ ಇರಲಿಲ್ಲ. ಗೀರು ಬಿದ್ದ ಬಸ್ಸನ್ನ ಬೆಳಗ್ಗೆ ರೂಟಿಗೆ ಬಿಡ್ತಿದ್ವಿ, ಏನೂ ಆಗ್ತಿರಲಿಲ್ಲ. ಇದನ್ನ ಬಿಡೋಕಾಗುತ್ತಾ? ರೆಕ್ಕೆ ಮಡಚಿ ಎಳ್ಕೊಂಡು ಹೋಗ್ತಾ ಇರ್ತೀಯ, ಹಿಂದಿಂದ ಯಾವನೋ ಮೆಲ್ಲಗೆ ತಾಗಿಸ್ತಾನೆ. ಕಣ್ಣಿಗೆ ಏನೂ ಕಾಣಲ್ಲ. ಒಳಗೆ ಕೀಲು ಕೂದಲೆಳೆಯಷ್ಟು ಬಿಟ್ಟಿರುತ್ತೆ. ಅದು ಗೊತ್ತಾಗೋದು ಯಾವಾಗ?"

ಇದನ್ನು ನಾನು ಹೇಳಿದಾಗ ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಆ ಕೆಂಪು ಕಾರಿನ ಕಥೆ ಹೇಳಿದರು. ಅದು ಹುಟ್ಟಿನಿಂದ ಏರೋಕಾರ್ 3 ಅಲ್ಲ. ಮೊದಲ ಮಾದರಿಯ ಒಂದು ಏರೋಕಾರ್ ಆಗಿ ಯಾರಿಗೋ ಮಾರಾಟವಾಗಿತ್ತು. 1960ರ ದಶಕದಲ್ಲಿ ಅದಕ್ಕೆ ಅಪಘಾತವಾಯಿತು. ಹಾರುವಾಗ ಅಲ್ಲ, ರಸ್ತೆಯಲ್ಲಿ ಹೋಗುವಾಗ. ಟೇಲರ್ ಅದನ್ನು ವಾಪಸ್ ಕೊಂಡು, ಮುಂದಿನ ಕಾರಿನ ಭಾಗವನ್ನು ಹೊಸದಾಗಿ ಸ್ಪೋರ್ಟ್ಸ್ ಕಾರಿನ ಹಾಗೆ ಕಟ್ಟಿದರು. ಹಾರುವಾಗ ಚಕ್ರ ಒಳಗೆ ಎಳೆದುಕೊಳ್ಳುವ ಹಾಗೆ ಮಾಡಿದರು. 1968ರಲ್ಲಿ ಅದು ಹಾರಿತು. ಅದೇ ಇವತ್ತು ಇಲ್ಲಿ ನಿಂತಿರುವುದು.

ಅಪ್ಪ ಮಾತಾಡಲಿಲ್ಲ. ಕಾರಿನ ಸುತ್ತ ಇನ್ನೊಂದು ಸಲ ನಿಧಾನಕ್ಕೆ ನಡೆದು ಬಂದರು.

ಆ ದಿನದಿಂದ ನಾನು ಹಾರುವ ಕಾರಿನ ಸುದ್ದಿ ಓದುವ ರೀತಿಯೇ ಬದಲಾಗಿದೆ. ಹಾರುತ್ತಾ ಅಂತ ಈಗ ಕೇಳುವುದಿಲ್ಲ. ಹಾರುತ್ತವೆ. ಅಪ್ಪನ ಪ್ರಶ್ನೆ ಕೇಳುತ್ತೇನೆ: ಪಾರ್ಕಿಂಗ್‌ನಲ್ಲಿ ತಾಗಿದರೆ ಏನು ಮಾಡುತ್ತೀರಿ?

ರಸ್ತೆಗೆ ಗಟ್ಟಿ ಬೇಕು, ಆಕಾಶಕ್ಕೆ ಹಗುರ ಬೇಕು. ಎರಡನ್ನೂ ಒಂದರಲ್ಲಿ ಹಿಡಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಟೆರಾಫ್ಯೂಜಿಯಾ ಕಥೆ ನೋಡಿ. 2006ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದಿದವರು ಶುರು ಮಾಡಿದ ಕಂಪನಿ. ಅವರ ಟ್ರಾನ್ಸಿಷನ್ ಅನ್ನುವ ಗಾಡಿ ರೆಕ್ಕೆ ಮಡಚಿಕೊಂಡು ರಸ್ತೆಯಲ್ಲಿ ಓಡುತ್ತಿತ್ತು. ಕಾರಿಗೆ ಬೇಕಾದ ಸುರಕ್ಷತೆ ಎಲ್ಲ ಸೇರಿಸಿದಾಗ ಅಂಥ ಸಣ್ಣ ವಿಮಾನಕ್ಕೆ ಇದ್ದ ತೂಕದ ಮಿತಿ ಮೀರಿತು. 2010ರಲ್ಲಿ ಅವರಿಗೆ 110 ಪೌಂಡ್, ಅಂದರೆ 50 ಕಿಲೋ, ಜಾಸ್ತಿ ತೂಕಕ್ಕೆ ವಿಮಾನಯಾನ ಇಲಾಖೆ ವಿಶೇಷ ಅನುಮತಿ ಕೊಟ್ಟಿತು. ಮರುವರ್ಷ ರಸ್ತೆ ಸುರಕ್ಷತೆಯ ಇಲಾಖೆ ಟೈರು, ಮುಂದಿನ ಗಾಜು ಇವುಗಳ ನಿಯಮದಲ್ಲೂ ವಿನಾಯಿತಿ ಕೊಟ್ಟಿತು. 50 ಕಿಲೋ ಅಂದರೆ ಒಂದು ಮೂಟೆ ಸಿಮೆಂಟ್. ಅಷ್ಟಕ್ಕೂ ಇಲಾಖೆಯ ಬಾಗಿಲು ತಟ್ಟಬೇಕು. 2017ರಲ್ಲಿ ಚೀನಾದ ಕಾರು ಕಂಪನಿ ಗೀಲಿ ಟೆರಾಫ್ಯೂಜಿಯಾವನ್ನು ಕೊಂಡಿತು. 2021ರಲ್ಲಿ ಅಮೆರಿಕದ ಕೆಲಸ ನಿಂತುಹೋಯಿತು.

ಈ ತೂಕದ ಮಾತು ಸುಮ್ನೆ ಅಲ್ಲ. 1973ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಫೋರ್ಡ್ ಪಿಂಟೊ ಕಾರಿಗೆ ಸೆಸ್ನಾ ವಿಮಾನದ ರೆಕ್ಕೆ, ಬಾಲ ಜೋಡಿಸಿ ಮಿಜಾರ್ ಅಂತ ಒಂದು ಮಾಡಿದ್ದರು. ಸೆಪ್ಟೆಂಬರ್ 11ರಂದು ಹಾರಾಟದಲ್ಲೇ ರೆಕ್ಕೆಯ ಆಧಾರ ಕಿತ್ತುಬಂತು. ಅದನ್ನು ಮಾಡಿದ ಹೆನ್ರಿ ಸ್ಮೋಲಿನ್ಸ್ಕಿ ಮತ್ತು ಹ್ಯಾರಲ್ಡ್ ಬ್ಲೇಕ್ ಇಬ್ಬರೂ ತೀರಿಕೊಂಡರು. ಇದನ್ನು ಓದಿದ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೀಲು ಕೂದಲೆಳೆಯಷ್ಟು ಬಿಟ್ಟಿರುತ್ತೆ ಅನ್ನುವ ಅಪ್ಪನ ಮಾತೇ ಕಿವಿಯಲ್ಲಿ.

ಈಗಿನದರಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಸ್ಲೊವಾಕಿಯಾದ ಸ್ಟೆಫಾನ್ ಕ್ಲೈನ್ ಅವರ ಏರ್‌ಕಾರ್. 2021ರ ಜೂನ್ 28ರಂದು ನಿತ್ರಾ ಊರಿಂದ ಬ್ರಾಟಿಸ್ಲಾವಾಗೆ 35 ನಿಮಿಷದಲ್ಲಿ ಹಾರಿ, ಇಳಿದು, ರೆಕ್ಕೆ ಮಡಚಿ, ಊರೊಳಗೆ ಓಡಿಸಿಕೊಂಡು ಹೋದರು. ಬಿಎಂಡಬ್ಲ್ಯು ಎಂಜಿನ್. ರೆಕ್ಕೆ ತಾನಾಗೇ ಮಡಚಿಕೊಂಡು ಒಳಗೆ ಹೋಗುವುದಕ್ಕೆ 2 ನಿಮಿಷ 15 ಸೆಕೆಂಡ್. 70 ಗಂಟೆ ಪರೀಕ್ಷೆ ಮುಗಿಸಿ 2022ರ ಜನವರಿಯಲ್ಲಿ ಅಲ್ಲಿನ ಸರ್ಕಾರದ ಪ್ರಮಾಣಪತ್ರವೂ ಸಿಕ್ಕಿತು. ಕೈಯಲ್ಲಿ ಜೋಡಿಸುವ ಕೆಲಸ ಇಲ್ಲ ಅನ್ನುವುದು ದೊಡ್ಡ ಅನುಕೂಲ. ಆ ವಿಡಿಯೊ ಅಪ್ಪನಿಗೆ ತೋರಿಸಿದೆ. ಮೂರು ಸಲ ನೋಡಿದರು. "ಕೆಲಸ ಚೆನ್ನಾಗಿದೆ" ಅಂದರು. ಅವರ ಬಾಯಿಂದ ಆ ಮಾತು ಅಷ್ಟು ಸುಲಭಕ್ಕೆ ಬರುವುದಿಲ್ಲ. ಆಮೇಲೆ, "ಮಡಚೋ ಕೀಲಿಗೆ ಗ್ರೀಸ್ ಹಾಕೋದೆಲ್ಲಿ?" ಅಂತ ಕೇಳಿದರು. ರನ್‌ವೇ ಮಾತ್ರ ಇದಕ್ಕೂ ಬೇಕೇ ಬೇಕು.

ಬೆಂಗಳೂರಿನ ಅಣ್ಣನ ಮನೆಯವರು ಕೇಳುವುದು ಒಂದೇ, ನಮ್ಮ ಸಿಲ್ಕ್ ಬೋರ್ಡ್ ಮೇಲೆ ಇದು ಯಾವಾಗ ಹಾರುತ್ತೆ ಅಂತ. ಬೆಂಗಳೂರಿನಲ್ಲಿ ಬರುವುದಾದರೆ ಅದು ಹಾರುವ ಟ್ಯಾಕ್ಸಿ. 2018ರಲ್ಲೇ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಟ್ಯಾಕ್ಸಿ ಶುರುವಾಗಿತ್ತು, ಸುಮಾರು ಕಾಲು ಗಂಟೆ ಹಾರಾಟ. ಬೆಂಗಳೂರಿನದೇ ಆದ ಸರ್ಲಾ ಏವಿಯೇಷನ್ 2025ರ ಜನವರಿಯಲ್ಲಿ ದೆಹಲಿಯ ಎಕ್ಸ್‌ಪೋದಲ್ಲಿ ಶೂನ್ಯ ಅನ್ನುವ ಮಾದರಿ ತೋರಿಸಿತು, ನೆಟ್ಟಗೆ ಮೇಲೇಳುವ ವಿದ್ಯುತ್ ಟ್ಯಾಕ್ಸಿ. ಇವು ಯಾವುವೂ ರಸ್ತೆಗೆ ಇಳಿಯುವುದಿಲ್ಲ. ನಿಲ್ಲುವುದು ಅವುಗಳದೇ ಜಾಗದಲ್ಲಿ, ಓಡಿಸುವುದು ತರಬೇತಿ ಆದ ಪೈಲಟ್, ರಿಪೇರಿ ಮಾಡುವುದು ಅದನ್ನೇ ಕಲಿತವರು. ಟ್ರಾಲಿ ಬಂದು ಬಡಿಯುವ ಜಾಗಕ್ಕೆ ಅವು ಬರುವುದೇ ಇಲ್ಲ. ಅಪ್ಪನ ಪ್ರಶ್ನೆಗೆ ನನಗೆ ಕಂಡ ಸರಿಯಾದ ಉತ್ತರ ಅದೊಂದೇ. ಹಾಗಾಗಿ ಹಾರುವ ಟ್ಯಾಕ್ಸಿ ಬಂದರೆ ನಾನು ದುಡ್ಡು ಕೂಡಿಟ್ಟಾದರೂ ಹತ್ತುತ್ತೇನೆ. ಹಾರುವ ಕಾರು ಕೊಳ್ಳಲು ಸಾಲ ಮಾಡಲ್ಲ.

ಇನ್ನು ಮ್ಯೂಸಿಯಂ. ಇದು ಬೋಯಿಂಗ್ ಫೀಲ್ಡ್ ವಿಮಾನ ನಿಲ್ದಾಣದ ಪಕ್ಕದಲ್ಲೇ ಇದೆ. ಬೆಳಗ್ಗೆ 10ರಿಂದ ಸಂಜೆ 5ರವರೆಗೆ. ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಮುಖ್ಯ ಕಟ್ಟಡದ ಗ್ರೇಟ್ ಗ್ಯಾಲರಿಯಲ್ಲಿ ಗಾಜಿನ ಚಾವಣಿಯಿಂದ ವಿಮಾನಗಳು ತೂಗುತ್ತಿರುತ್ತವೆ. ನಡುವೆ ಕಪ್ಪಗೆ ಮಲಗಿರುವ ಬ್ಲ್ಯಾಕ್‌ಬರ್ಡ್ ಅನ್ನುವ ಬೇಹುಗಾರಿಕೆ ವಿಮಾನ. ಎಲ್ಲರೂ ಅದರ ಹತ್ತಿರವೇ ಫೋಟೊ ತೆಗೆಸಿಕೊಳ್ಳುತ್ತಾರೆ. ಏರೋಕಾರ್ ಹತ್ತಿರ ಜನ ಕಮ್ಮಿ, ನಿಧಾನಕ್ಕೆ ನೋಡಬಹುದು. ಪಕ್ಕದಲ್ಲಿ ರೆಡ್ ಬಾರ್ನ್ ಅಂತ ಹಳೇ ಮರದ ಕಟ್ಟಡ ಇದೆ, ಬೋಯಿಂಗ್ ಶುರುವಾದ ಕಾರ್ಖಾನೆ ಅದು. ಅಪ್ಪನಿಗೆ ಅಲ್ಲಿನ ಹಳೇ ಹತ್ಯಾರಗಳು ತುಂಬಾ ಇಷ್ಟವಾದವು. ರಸ್ತೆ ದಾಟಲು ಮೇಲ್ಸೇತುವೆ ಇದೆ, ಆಚೆ ಕಾಂಕಾರ್ಡ್, 747. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಮಧ್ಯೆ ಮಧ್ಯೆ ಕೂರಿಸಿ, ನಡೆಯುವುದು ಜಾಸ್ತಿ ಇದೆ. ಊಟಕ್ಕೆ ನಾವು ಚಿತ್ರಾನ್ನ ಕಟ್ಟಿಕೊಂಡು ಹೋಗಿ ಕಾರಿನಲ್ಲೇ ತಿಂದೆವು. ತಿಂಗಳ ಮೊದಲ ಗುರುವಾರ ಸಂಜೆ 5ರಿಂದ 9ರವರೆಗೆ ಟಿಕೆಟ್ ಇಲ್ಲದೆ ಬಿಡುತ್ತಾರೆ. ಆದರೆ ಮೊದಲ ಸಲ ಹೋಗುವವರಿಗೆ ಆ ನಾಲ್ಕು ಗಂಟೆ ಸಾಲದು.

ಎಲ್ಲಕ್ಕಿಂತ ಮುಖ್ಯ, ಅಲ್ಲಿನ ಸ್ವಯಂಸೇವಕರನ್ನು ಮಾತಾಡಿಸಿ. ಫಲಕದಲ್ಲಿ ನಾಲ್ಕು ಸಾಲು ಇದ್ದರೆ ಅವರ ತಲೆಯಲ್ಲಿ ನಲವತ್ತು ವರ್ಷ ಇದೆ. ಇಂಗ್ಲಿಷ್ ಬರದ ಅಪ್ಪ ಅಮ್ಮನ ಪ್ರಶ್ನೆಯನ್ನೂ ನೀವೇ ಕೇಳಿ. ನಮಗೆ ಹೊಳೆಯದ್ದು ಅವರಿಗೆ ಹೊಳೆಯುತ್ತದೆ. ಮ್ಯೂಸಿಯಂಗೆ ನಾನು ಐದಕ್ಕೆ ಐದು ಕೊಡುತ್ತೇನೆ. ಕೊಂಡು ಬಳಸುವ ಗಾಡಿ ಅಂತ ನೋಡಿದರೆ ಏರೋಕಾರ್‌ಗೆ ಎರಡು. ಅದರ ಶಾಫ್ಟ್‌ಗೆ ಮಾತ್ರ ಅಪ್ಪ ಐದಕ್ಕೆ ಐದು ಕೊಟ್ಟಿದ್ದಾರೆ, ಅದನ್ನೂ ಇಲ್ಲಿ ಬರೆಯಬೇಕು ಅಂತ ಹೇಳಿದ್ದಾರೆ.

ಮೊನ್ನೆ ಹಾಸನದಿಂದ ಫೋನ್ ಮಾಡಿದ್ದರು. ಡಿಪೋದ ಹಳೇ ಸ್ನೇಹಿತರಿಗೆ ಏರೋಕಾರ್ ಫೋಟೊ ತೋರಿಸುತ್ತಿದ್ದಾರಂತೆ. "ಬಾಲ ಬಂದು ಕಾರಿಗೆ ಸೇರುತ್ತಲ್ಲ, ಆ ಜಾಗದ ಫೋಟೊ ಇದ್ಯಾ ಪುಟ್ಟಿ?" ಅಂತ ಕೇಳಿದರು. ನಾನು ತೆಗೆದ ಹದಿನಾಲ್ಕು ಫೋಟೊಗಳಲ್ಲೂ ಹುಡುಕಿದೆ. ಎಲ್ಲದರಲ್ಲೂ ಮುಂದಿನ ಮುಖ, ರೆಕ್ಕೆ, ಅದರ ಮುಂದೆ ನಿಂತ ಅಪ್ಪ. ಆ ಕೀಲು ಒಂದರಲ್ಲೂ ಇಲ್ಲ. ಬರುವ ಮೊದಲ ಗುರುವಾರ ಕೆಲಸ ಮುಗಿಸಿ ಹೋಗಿ ತೆಗೆದು ಕಳಿಸುತ್ತೇನೆ ಅಂತ ಹೇಳಿದ್ದೇನೆ.